ಆಪರೇಷನ್‌ಗೆ ದಿನ ಗೊತ್ತಾದ ಮೇಲೆ: ಮಲಗುವುದೋ, ನಡೆಯುವುದೋ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಬೇಕಾದ ವ್ಯಾಯಾಮದ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಫಿಸಿಯೋಥೆರಪಿ, ಅರಿವಳಿಕೆ ಮತ್ತು ಆಹಾರ ವಿಭಾಗದವರು ಸೇರಿ ಉತ್ತರಿಸಿದ್ದಾರೆ. ಓದುಗರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಐದು ವಾರದ ನಂತರ ಮೈಸೂರಿನಲ್ಲಿ ಆಪರೇಷನ್. ನೆಂಟರೆಲ್ಲ ‘ಮಲಗಿಕೊಂಡು ಶಕ್ತಿ ಉಳಿಸಿಕೊಳ್ಳಲಿ’ ಅನ್ನುತ್ತಾರೆ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ದಿನಾ ನಡೆಸಿ ಅಂದರು. ಅಪ್ಪ ಹೇಗೂ ಬೆಳಗ್ಗೆಯಿಂದ ಸಂಜೆವರೆಗೆ ಕಾಫಿ ತೋಟದಲ್ಲೇ ಓಡಾಡುತ್ತಾರೆ. ಅದು ಸಾಲದೇ? — ಸುಂಟಿಕೊಪ್ಪ

ಉತ್ತರ: ಫಿಸಿಯೋಥೆರಪಿಸ್ಟ್ ಹೇಳಿದ್ದು ಸರಿ. ಮಲಗಿದರೆ ಶಕ್ತಿ ಉಳಿಯುವುದಿಲ್ಲ, ಸೋರಿಹೋಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಕಾಲುಗಳ ಮಾಂಸಖಂಡ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ನಿಮ್ಮ ತಂದೆಗೆ ಆಪರೇಷನ್ ಆದ ಮೇಲೆ ಹೇಗೂ ಕೆಲವು ದಿನ ಮಲಗಬೇಕಾಗುತ್ತದೆ. ಅದಕ್ಕೆ ಮೊದಲೇ ಐದು ವಾರ ಮಲಗಿಸಿದರೆ ನಷ್ಟ ಎರಡು ಸಲ ಆಗುತ್ತದೆ.

ಹೊಟ್ಟೆ ತೆರೆಯುವಂಥ ಆಪರೇಷನ್ ಆದಾಗ, ಮಂಚದ ಮೇಲೆ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದ ಆಮ್ಲಜನಕ ಮಾಮೂಲಿಗಿಂತ ಅರ್ಧದಷ್ಟು ಹೆಚ್ಚಾಗಬಹುದು. ಗಾಯ ಕೂಡಿಸಬೇಕು, ಸೋಂಕು ತಡೆಯಬೇಕು, ಜ್ವರ ಬಂದರೆ ಅದನ್ನೂ ತಾಳಬೇಕು. ಹೃದಯ ಮತ್ತು ಶ್ವಾಸಕೋಶ ಈ ಹೆಚ್ಚುವರಿ ಹೊರೆಯನ್ನು ದಿನಗಟ್ಟಲೆ ಹೊರಬೇಕಾಗುತ್ತದೆ. ಏರು ಹತ್ತುವಾಗಲೇ ನಿಂತು ನಿಂತು ಹೋಗುವವರ ಬಳಿ ಅದಕ್ಕೆ ಬೇಕಾದ ಮೀಸಲು ಇರುವುದಿಲ್ಲ. ವ್ಯಾಯಾಮ ಆ ಮೀಸಲನ್ನು ಬೆಳೆಸುತ್ತದೆ. ನಾಲ್ಕು ವಾರದಲ್ಲೂ ಅಳೆಯುವಷ್ಟು ಬೆಳೆಯುತ್ತದೆ.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳ ಎರಡು ಗುಂಪಿಗೆ ಒಂದೇ ಬಗೆಯ ವ್ಯಾಯಾಮ, ಆಹಾರ, ಮನಸ್ಸಿನ ತಯಾರಿ ಕೊಟ್ಟರು. ಒಂದು ಗುಂಪು ಆಪರೇಷನ್‌ಗೆ ನಾಲ್ಕು ವಾರ ಮೊದಲೇ ಶುರುಮಾಡಿತು, ಇನ್ನೊಂದು ಆಪರೇಷನ್ ಆದ ಮೇಲೆ. ಎಂಟು ವಾರ ಕಳೆದಾಗ, ಮೊದಲೇ ಶುರುಮಾಡಿದವರಲ್ಲಿ ನೂರಕ್ಕೆ 84 ಮಂದಿ ಹಿಂದಿನ ನಡಿಗೆಯ ಮಟ್ಟಕ್ಕೆ ಮರಳಿದ್ದರು. ಆಮೇಲೆ ಶುರುಮಾಡಿದವರಲ್ಲಿ 62 ಮಂದಿ. ಇದು ಪ್ರಕಟವಾದದ್ದು 2014ರಲ್ಲಿ. 2023ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ ತೀವ್ರ ತೊಡಕುಗಳು ಸುಮಾರು 30ರಿಂದ 17 ಪ್ರತಿಶತಕ್ಕೆ ಇಳಿದವು. ಎಲ್ಲ ಅಧ್ಯಯನಗಳೂ ಇಷ್ಟೇ ಲಾಭ ತೋರಿಸಿಲ್ಲ. ಆಸ್ಪತ್ರೆಯಲ್ಲಿ ಉಳಿಯುವ ದಿನಗಳಲ್ಲಿ ಕೆಲವು ಕಡೆ ವ್ಯತ್ಯಾಸವೇ ಕಾಣಲಿಲ್ಲ. ಆದರೂ ಹೆಚ್ಚು ದುರ್ಬಲರಾದವರಿಗೇ ಹೆಚ್ಚು ಲಾಭ ಎಂಬ ಮಾತು ಮತ್ತೆ ಮತ್ತೆ ಕಂಡುಬಂದಿದೆ. ಬಾರ್ಸಿಲೋನಾದಲ್ಲಿ ಅಂಥವರನ್ನೇ ಆರಿಸಿ ಪರೀಕ್ಷಿಸಿದಾಗ ತೊಡಕು ಕಂಡವರು 62 ಪ್ರತಿಶತದಿಂದ 31ಕ್ಕೆ ಇಳಿದರು.

ಇನ್ನು ತೋಟದ ಓಡಾಟದ ಮಾತು. ಹಣ್ಣು ಕೊಯ್ಯುವವರ ಹಿಂದೆ ನಿಲ್ಲುವುದು, ರೈಟರ್ ಜೊತೆ ಲೆಕ್ಕ ನೋಡುವುದು, ಕಣದಲ್ಲಿ ಕಾಫಿ ಹರಡಿಸುವುದು, ಮತ್ತೆ ಜೀಪ್ ಹತ್ತುವುದು. ಇದರಲ್ಲಿ ಕಾಲು ದಣಿಯುತ್ತದೆ, ಉಸಿರು ಏರುವುದಿಲ್ಲ. ಉಸಿರು ಏರದೆ ಹೃದಯಕ್ಕೆ ತರಬೇತಿ ಸಿಗುವುದಿಲ್ಲ. ಆದ್ದರಿಂದ ಕೆಲಸವನ್ನು ಕೆಲಸವಾಗಿ ಬಿಡಿ, ನಡಿಗೆಗೆ ಬೇರೆ ಸಮಯ ಕೊಡಿ.

ಮೊದಲು ಅಳತೆ. ಕಾಫಿ ಕಣದಲ್ಲಿ 20 ಮೀಟರ್ ದೂರಕ್ಕೆ ಎರಡು ಗುರುತು ಹಾಕಿ, ಆರು ನಿಮಿಷದಲ್ಲಿ ಎಷ್ಟು ಸಲ ಹೋಗಿ ಬರುತ್ತಾರೆ ಎಣಿಸಿ. ಓಡುವಂತಿಲ್ಲ, ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಒಟ್ಟು 400 ಮೀಟರಿಗಿಂತ ಕಡಿಮೆ ಬಂದರೆ ಅರಿವಳಿಕೆ ವೈದ್ಯರಿಗೆ ಈಗಲೇ ತಿಳಿಸಿ. ಎರಡನೆಯದು, 17 ಇಂಚು ಎತ್ತರದ ಕುರ್ಚಿಯಿಂದ ಎದೆಯ ಮೇಲೆ ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂಬುದು. 65ರಿಂದ 69 ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆ, ಹೆಂಗಸರಿಗೆ 11ಕ್ಕಿಂತ ಕಡಿಮೆ ಆದರೆ ಕಾಲಿನ ಬಲ ವಯಸ್ಸಿಗೆ ತಕ್ಕಷ್ಟಿಲ್ಲ ಎಂದರ್ಥ. ಎರಡನ್ನೂ ಬರೆದಿಡಿ, ವಾರಕ್ಕೊಮ್ಮೆ ಮತ್ತೆ ನೋಡಿ. ಆರು ನಿಮಿಷದ ನಡಿಗೆಯಲ್ಲಿ 20 ಮೀಟರ್ ಹೆಚ್ಚಾದರೂ ಅದು ಲೆಕ್ಕಕ್ಕೆ ಬರುವ ಲಾಭ.

ನಡಿಗೆ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಒಂದೇ ಸಲ ಆಗದಿದ್ದರೆ ಹತ್ತು ನಿಮಿಷದಂತೆ ಮೂರು ಸಲ. ಒಂದೇ ಸಲ 30 ನಿಮಿಷ ನಡೆಯುವಾಗ ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷವೂ ನಿಧಾನ. ನಡುವೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಎರಡನೇ ವಾರದಿಂದ ಕೊಡಗಿನ ನೆಲವೇ ನಿಮಗೆ ಸಲಕರಣೆ. ಗೇಟಿನಿಂದ ಮನೆಗೆ ಬರುವ ಏರಿನಲ್ಲಿ ಎರಡು ನಿಮಿಷ ಬಿರುಸಾಗಿ ಹತ್ತುವುದು, ಮೂರು ನಿಮಿಷ ಸಮತಟ್ಟಿನಲ್ಲಿ ಆರಾಮಾಗಿ ನಡೆಯುವುದು, ಹೀಗೆ ನಾಲ್ಕು ಸುತ್ತು. ಬಹಳ ಮಂದಿ ಎಡವುವುದು ಇಲ್ಲಿ. ಮೊದಲ ದಿನದ ಹುರುಪಿನಲ್ಲಿ ಹತ್ತು ಸುತ್ತು ಹತ್ತಿ, ಮರುದಿನ ಮೊಣಕಾಲು ಹಿಡಿದುಕೊಂಡು ವಾರವಿಡೀ ಕೂತುಬಿಡುತ್ತಾರೆ. ಮೊಣಕಾಲಿಗೆ ಹೆಚ್ಚು ಪೆಟ್ಟು ಕೊಡುವುದು ಏರಲ್ಲ, ಇಳಿಜಾರು. ಇಳಿಯುವಾಗ ಸಣ್ಣ ಹೆಜ್ಜೆ, ಕೈಯಲ್ಲಿ ಕೋಲು.

ಬಲದ ವ್ಯಾಯಾಮ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯತ್ತ ತಂದು ಹಿಂದೆ ತಳ್ಳುವುದು, ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು, ಮನೆಯ ಕೆಳಮೆಟ್ಟಿಲು ಹತ್ತಿ ಇಳಿಯುವುದು. ಪ್ರತಿಯೊಂದೂ 8ರಿಂದ 12 ಸಲ, ಅಂಥ ಎರಡು ಅಥವಾ ಮೂರು ಸರದಿ, ನಡುವೆ ಒಂದು ನಿಮಿಷ ಬಿಡುವು. ಹನ್ನೆರಡನೆಯದು ಸಲೀಸಾಗಿ ಬಂದರೆ ಎದೆಗೆ ಎರಡು ಕಿಲೋ ಅಕ್ಕಿಯ ಚೀಲ ಅವಚಿಕೊಂಡು ಏಳಲಿ. ಏಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಎದ್ದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ.

ಗಡ್ಡೆಯಿಂದ ಕರುಳು ಕಟ್ಟುತ್ತಿದ್ದರೆ, ಅಂದರೆ ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು ಕಂಡರೆ, ವ್ಯಾಯಾಮದ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ. ಹಾಗೆಯೇ ವ್ಯಾಯಾಮಕ್ಕಾಗಿ ಕ್ಯಾನ್ಸರ್ ಆಪರೇಷನ್ನಿನ ದಿನವನ್ನು ನೀವಾಗಿ ಮುಂದೂಡಬೇಡಿ. ಸಿಕ್ಕಿರುವ ಐದು ವಾರ ಸಾಕು.

ಪ್ರಶ್ನೆ: ನಾಡಿ ಎಷ್ಟಕ್ಕೆ ಏರಿದರೆ ನಿಲ್ಲಿಸಬೇಕು? ನಾನು ಬಿ.ಪಿ.ಗೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. — ಕುಶಾಲನಗರ

ಉತ್ತರ: ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಆದ್ದರಿಂದ ನಿಮ್ಮ ಮಟ್ಟಿಗೆ ನಾಡಿಯ ಲೆಕ್ಕ ದಾರಿ ತಪ್ಪಿಸುತ್ತದೆ. ಮಾತಾಡಿ ನೋಡುವ ಪರೀಕ್ಷೆಯನ್ನೇ ನಂಬಿ. ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಲೆಸುತ್ತು, ಒಂದು ಮಾತೂ ಹೊರಡದಷ್ಟು ಏದುಸಿರು, ಎದೆಬಡಿತ ತಪ್ಪಿದಂತೆ ಅನಿಸುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕುಳಿತುಕೊಳ್ಳಿ. ವೈದ್ಯರನ್ನು ಕಾಣದೆ ಮತ್ತೆ ಶುರುಮಾಡಬೇಡಿ. ಐದು ನಿಮಿಷ ಕುಳಿತ ಮೇಲೂ ಎದೆನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ವಿಶ್ರಾಂತಿಯಲ್ಲೇ ಬಿ.ಪಿ. 180/110 ದಾಟಿದ್ದರೆ ಆ ದಿನ ವ್ಯಾಯಾಮ ಬೇಡ. ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ನಿಲ್ಲಿಸಲೇಬಾರದು.

ಪ್ರಶ್ನೆ: ಪಿತ್ತಕೋಶದ ದೊಡ್ಡ ಆಪರೇಷನ್‌ಗೆ ಮುಂಚೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದಾರೆ. ಎಷ್ಟು ಜೋರಾಗಿ ಊದಿದರೂ ಚೆಂಡು ಏಳುವುದೇ ಇಲ್ಲ. ಹಾಳಾಗಿದೆಯೇ? — ಸೋಮವಾರಪೇಟೆ

ಉತ್ತರ: ಹಾಳಾಗಿಲ್ಲ. ಅದು ಊದುವ ಸಾಧನವಲ್ಲ, ಎಳೆಯುವ ಸಾಧನ. ನಮ್ಮಲ್ಲಿಗೆ ಬರುವವರು ಅತಿ ಹೆಚ್ಚು ಮಾಡುವ ತಪ್ಪು ಇದೇ, ಹೇಳಿಕೊಡಬೇಕಾದವರು ಡಬ್ಬಿ ಕೈಗಿಟ್ಟು ಹೋಗುವುದೇ ಕಾರಣ.

ಬೆನ್ನು ನೆಟ್ಟಗೆ ಮಾಡಿ ಕುಳಿತು ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿಯಿರಿ, ವಾಲಿಸಿದರೆ ಲೆಕ್ಕ ತಪ್ಪುತ್ತದೆ. ಉಸಿರನ್ನು ಪೂರ್ತಿ ಹೊರಬಿಟ್ಟು, ಕೊಳವೆಯ ಸುತ್ತ ತುಟಿ ಬಿಗಿದು, ನಿಧಾನವಾಗಿ ಒಳಗೆ ಎಳೆಯಿರಿ. ಮೊದಲ ಚೆಂಡು ಏಳಲು ಸೆಕೆಂಡಿಗೆ 600 ಮಿಲಿಲೀಟರ್ ಗಾಳಿಯ ಹರಿವು ಬೇಕು, ಎರಡನೆಯದಕ್ಕೆ 900, ಮೂರನೆಯದಕ್ಕೆ 1200. ಮೂರನ್ನೂ ಒಮ್ಮೆ ಚಕ್ಕನೆ ಹಾರಿಸುವುದು ಗುರಿಯಲ್ಲ. ಎರಡು ಚೆಂಡನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸಿದವರ ಶ್ವಾಸಕೋಶದ ತಳಕ್ಕೆ ಗಾಳಿ ಚೆನ್ನಾಗಿ ಇಳಿಯುತ್ತದೆ. ಭುಜ ಎತ್ತಬೇಡಿ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಳ್ಳಿ, ಆ ಕೈ ಮುಂದೆ ಬರಬೇಕು. ಒಂದು ಸರದಿಗೆ ಹತ್ತು ಉಸಿರು, ದಿನಕ್ಕೆ ನಾಲ್ಕೈದು ಸರದಿ. ತಲೆ ಹಗುರಾದರೆ ಉಸಿರುಗಳ ನಡುವೆ ಬಿಡುವು ಕೊಡಿ.

ಅರಿವಳಿಕೆಯಲ್ಲಿರುವಾಗ ಬಹುಪಾಲು ಮಂದಿಯ ಶ್ವಾಸಕೋಶದ ತಳಭಾಗ ಸ್ವಲ್ಪ ಮುದುಡಿಕೊಳ್ಳುತ್ತದೆ. ಎಚ್ಚರವಾದ ಮೇಲೆ ಪಕ್ಕೆಲುಬಿನ ಕೆಳಗಿನ ಗಾಯ ನೋಯುವುದರಿಂದ ರೋಗಿ ಮೇಲುಮೇಲೆ ಉಸಿರಾಡುತ್ತಾರೆ, ಕೆಮ್ಮಲು ಹೆದರುತ್ತಾರೆ. ಕಫ ನಿಲ್ಲುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 441 ಮಂದಿಯ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಮೇಲ್ಹೊಟ್ಟೆಯ ಆಪರೇಷನ್‌ಗೆ ಮೊದಲು ಫಿಸಿಯೋಥೆರಪಿಸ್ಟ್ ಒಂದೇ ಸಲ, ಅರ್ಧ ಗಂಟೆ ಕೂತು ಉಸಿರಾಟದ ವ್ಯಾಯಾಮ ಮತ್ತು ಅದರ ಕಾರಣವನ್ನು ಹೇಳಿಕೊಟ್ಟರು. ಅಷ್ಟರಿಂದಲೇ ಶ್ವಾಸಕೋಶದ ತೊಡಕು 27ರಿಂದ 12 ಪ್ರತಿಶತಕ್ಕೆ ಇಳಿಯಿತು. ಎಚ್ಚರವಾದ ಗಂಟೆಯಿಂದಲೇ ಏನು ಮಾಡಬೇಕೆಂದು ರೋಗಿಗೆ ಗೊತ್ತಿತ್ತು. ಆದ್ದರಿಂದ ಈಗಲೇ ಅಭ್ಯಾಸ ಮಾಡಿ: ಹತ್ತು ದೀರ್ಘ ಉಸಿರು, ಪ್ರತಿಯೊಂದನ್ನೂ ಮೂರು ಸೆಕೆಂಡು ಹಿಡಿಯುವುದು, ಆಮೇಲೆ ದಿಂಬನ್ನು ಗಾಯ ಬರುವ ಜಾಗಕ್ಕೆ ಒತ್ತಿ ಹಿಡಿದು ಮೂರು ಸಲ ಕೆಮ್ಮುವುದು. ಆಪರೇಷನ್ ಆದ ಮೇಲೆ ಎಚ್ಚರವಿರುವ ಪ್ರತಿ ಗಂಟೆಗೂ ಇದನ್ನೇ ಮಾಡಬೇಕು. ಡಬ್ಬಿ ಮರೆತುಹೋದರೂ ಚಿಂತೆಯಿಲ್ಲ, ಉಸಿರು ಮರೆಯಬೇಡಿ.

ಪ್ರಶ್ನೆ: ಅತ್ತೆಗೆ ಎರಡು ತಿಂಗಳಲ್ಲಿ ಮೊಣಕಾಲಿನ ಕೀಲು ಬದಲಾವಣೆ. ನಡೆದರೆ ನೋವು, ಮಳೆಗಾಲ ಬೇರೆ. ವ್ಯಾಯಾಮ ಹೇಗೆ? — ಭಾಗಮಂಡಲ

ಉತ್ತರ: ಮನೆಯೊಳಗೆ, ಹಾಸಿಗೆ ಮತ್ತು ಕುರ್ಚಿಯ ಮೇಲೆ. ಕೀಲು ಬದಲಾಯಿಸಿದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಬಲ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ. ಮೊದಲೇ ಬಲ ಕಡಿಮೆ ಇದ್ದವರಿಗೆ ಕುಸಿದ ಮೇಲೆ ಕಕ್ಕಸಿನಿಂದ ಏಳಲೂ ಆಗುವುದಿಲ್ಲ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಐದು ಸೆಕೆಂಡು ಕೆಳಗೆ ಅದುಮುವುದು, ಮಂಡಿ ಮಡಿಸದೆ ಕಾಲನ್ನು ಒಂದು ಗೇಣು ಎತ್ತಿ ಹಿಡಿಯುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಿಸುವುದು. ತಲಾ ಹತ್ತು, ದಿನಕ್ಕೆ ಮೂರು ಸಲ. ಮಂಡಿ ಪೂರ್ತಿ ನೇರವಾಗುವಂತೆ ಮಾಡುವುದಕ್ಕೆ ವಿಶೇಷ ಗಮನ ಕೊಡಿ. ನೋವೆಂದು ಮಂಡಿಯ ಕೆಳಗೆ ರಾತ್ರಿಯಿಡೀ ದಿಂಬು ಇಟ್ಟು ಮಲಗುವ ಅಭ್ಯಾಸ ಅದನ್ನು ಬಾಗಿಸಿಯೇ ಉಳಿಸುತ್ತದೆ. ವ್ಯಾಯಾಮದ ನೋವು ಎರಡು ಗಂಟೆಯಲ್ಲಿ ಇಳಿದರೆ ಪರವಾಗಿಲ್ಲ, ಮರುದಿನವೂ ಊತವಿದ್ದರೆ ಎಣಿಕೆಯನ್ನು ಅರ್ಧ ಮಾಡಿ.

ವರ್ಷ ಕಳೆದ ಮೇಲೆ, ಮೊದಲೇ ವ್ಯಾಯಾಮ ಮಾಡಿದವರಿಗೂ ಮಾಡದವರಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಲಾಭ ಇರುವುದು ಮೊದಲ ಕೆಲವು ವಾರಗಳಲ್ಲಿ. ಆದರೆ ಮನೆಯವರನ್ನು ಕಾಡುವುದೂ ಅವೇ ವಾರಗಳು. ವಾಕರ್ ಹಿಡಿದು ನಡೆಯುವುದನ್ನು ಈಗಲೇ ಕಲಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆಗುವ ಕಾಲು ಮೊದಲು. ಅಂಗಳದ ಪಾಚಿ ಉಜ್ಜಿಸಿ, ಕಕ್ಕಸಿಗೆ ಎತ್ತರದ ಕಮೋಡ್ ಮತ್ತು ಹಿಡಿಕೆ ಹಾಕಿಸಿ. ಕಾಲಿಗೆ ಜಿಗಣೆ ಕಚ್ಚದಂತೆ ನೋಡಿಕೊಳ್ಳಿ. ಕೆರೆದ ಗಾಯ ಕೀವಾದರೆ, ಹೊಸ ಕೀಲಿಗೆ ಸೋಂಕು ತಗಲೀತೆಂದು ಆಪರೇಷನ್ ಮುಂದೆ ಹೋಗುತ್ತದೆ.

ಪ್ರಶ್ನೆ: ವ್ಯಾಯಾಮದ ಜೊತೆ ಏನು ತಿನ್ನಬೇಕು? ಮನೆಯಲ್ಲಿ ಮೂರು ಹೊತ್ತೂ ಅಕ್ಕಿಯದ್ದೇ. — ಪೊನ್ನಂಪೇಟೆ

ಉತ್ತರ: ಅಕ್ಕಿ ರೊಟ್ಟಿ, ಪುಟ್ಟು, ಅನ್ನ ಬಿಡಬೇಕಿಲ್ಲ, ಪಕ್ಕಕ್ಕೆ ಪ್ರೋಟೀನ್ ಬರಬೇಕು. ಅದಿಲ್ಲದೆ ವ್ಯಾಯಾಮ ಮಾಡಿದರೆ ಸ್ನಾಯು ಕಟ್ಟುವುದಕ್ಕೆ ಸಾಮಗ್ರಿಯೇ ಇರುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಒಂದು ಹಿಡಿ ಕಡಲೆಕಾಯಿಯಲ್ಲಿ 7, ಬಟ್ಟಲು ಗಟ್ಟಿ ಬೇಳೆಯಲ್ಲಿ 7, ನೂರು ಗ್ರಾಂ ಮೀನಿನಲ್ಲಿ 20 ಗ್ರಾಂ ಎಂದು ಅಂದಾಜು ಇಟ್ಟುಕೊಳ್ಳಿ. ಪಂದಿ ಕರಿಯಲ್ಲಿ ಕೊಬ್ಬಿನ ತುಂಡು ಬಿಟ್ಟು ಮಾಂಸದ ತುಂಡು ಆರಿಸಿ. ಮಾಂಸ ತಿನ್ನದ ಮನೆಯಲ್ಲಿ 50 ಗ್ರಾಂ ಒಣ ಸೋಯಾ ತುಣುಕು 25 ಗ್ರಾಂ ಕೊಡುತ್ತದೆ. ಎಲ್ಲವನ್ನೂ ರಾತ್ರಿ ಊಟಕ್ಕೆ ತುಂಬಬೇಡಿ. ನಾವು ನೋಡುವ ದೊಡ್ಡ ಕೊರತೆ ಬೆಳಗಿನ ತಿಂಡಿಯಲ್ಲಿ: ರೊಟ್ಟಿ, ಚಟ್ನಿ, ಕಾಫಿ, ಅಷ್ಟೇ. ಅಲ್ಲಿ ಎರಡು ಮೊಟ್ಟೆ ಸೇರಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರು ನಡಿಗೆಗೆ ಮೊದಲು ಸಕ್ಕರೆ ಅಳೆಯಿರಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಪ್ರಶ್ನೆ: ಅಣ್ಣನಿಗೆ ಹೃದಯದ ಬೈಪಾಸ್ ಆಗಬೇಕು. ಅವನೂ ಏರು ಹತ್ತಬಹುದೇ? — ವಿರಾಜಪೇಟೆ

ಉತ್ತರ: ಬೇಡ. ಕೂತಲ್ಲೇ ಎದೆನೋವು ಬರುವವರು, ಹೃದಯದ ಎಡ ಮುಖ್ಯ ರಕ್ತನಾಳ ಕಟ್ಟಿರುವವರು, ಮಹಾಪಧಮನಿಯ ಕವಾಟ ತೀರಾ ಕಿರಿದಾದವರು ಹೃದ್ರೋಗ ತಜ್ಞರು ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಹೆಚ್ಚು ನಡೆಯಬಾರದು. ಅವರಿಗೆ ಉಸಿರಿನ ಸ್ನಾಯುವಿನ ತರಬೇತಿ ಇದೆ. ಅದಕ್ಕೆ ಬೇರೆಯೇ ಸಾಧನ ಬೇಕು, ಒಳಗೆ ಎಳೆಯುವಾಗ ಸ್ಪ್ರಿಂಗ್ ತಡೆ ಒಡ್ಡುತ್ತದೆ. ಗರಿಷ್ಠ ಎಳೆತದ ನೂರಕ್ಕೆ 30ರಷ್ಟು ತಡೆಯಿಂದ ಶುರುಮಾಡಿ ದಿನಕ್ಕೆ 20 ನಿಮಿಷ, ಕನಿಷ್ಠ ಎರಡು ವಾರ. ನೆದರ್ಲೆಂಡ್ಸ್‌ನಲ್ಲಿ ಬೈಪಾಸ್‌ಗೆ ಮೊದಲು ಹೀಗೆ ಮಾಡಿದವರಲ್ಲಿ ಶ್ವಾಸಕೋಶದ ತೊಡಕು 35ರಿಂದ 18 ಪ್ರತಿಶತಕ್ಕೆ ಇಳಿದದ್ದು 2006ರಲ್ಲಿ ಪ್ರಕಟವಾಗಿದೆ. ಜೊತೆಗೆ ಕೈ ಊರದೆ, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ ಮಂಚದಿಂದ ಏಳುವುದನ್ನು ಕಲಿಯಲಿ. ಎದೆಮೂಳೆ ಕೂಡುವವರೆಗೆ ಕೈ ಮೇಲೆ ಭಾರ ಹಾಕುವಂತಿಲ್ಲ.

ಪ್ರಶ್ನೆ: ಇನ್ನು ಎಂಟೇ ದಿನ ಇದೆ. ಬೀಡಿ ಈಗ ಬಿಟ್ಟರೆ ಕಫ ಹೆಚ್ಚಾಗಿ ಅಪಾಯ ಅನ್ನುತ್ತಾರೆ, ನಿಜವೇ? — ಗೋಣಿಕೊಪ್ಪ

ಉತ್ತರ: ನಿಜವಲ್ಲ, ಇವತ್ತೇ ಬಿಡಿ. ನಾಲ್ಕು ವಾರ ಮೊದಲು ಬಿಟ್ಟವರಿಗೆ ಗಾಯ ಮಾಯುವುದರಲ್ಲಿ, ಶ್ವಾಸಕೋಶದಲ್ಲಿ ಸ್ಪಷ್ಟ ಲಾಭ. ಆದರೆ ಒಂದೇ ದಿನ ಬಿಟ್ಟರೂ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿರುವ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಎಂಟು ದಿನದಲ್ಲಿ ಸ್ನಾಯು ಬೆಳೆಯದು, ಉಸಿರಾಟದ ವ್ಯಾಯಾಮ, ಕೆಮ್ಮುವ ಕ್ರಮ, ದಿನಾ ನಡಿಗೆ ಇಷ್ಟನ್ನು ಹಿಡಿಯಿರಿ. ಮದ್ಯ ದಿನವೂ ಹೆಚ್ಚು ಕುಡಿಯುವವರಾದರೆ ಥಟ್ಟನೆ ನಿಲ್ಲಿಸುವುದು ಅಪಾಯ, ಎಷ್ಟು ಕುಡಿಯುತ್ತೀರೆಂದು ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅವರು ಔಷಧಿ ಕೊಟ್ಟು ಬಿಡಿಸುತ್ತಾರೆ.

ಪ್ರಶ್ನೆ: ಬೆಳಗ್ಗೆ ಆರಕ್ಕೆ ನಡೆಯಲು ಹೇಳಿದ್ದಾರೆ. ನಮ್ಮ ರಸ್ತೆಯಲ್ಲಿ ಆನೆ ಓಡಾಟ. — ಸಿದ್ದಾಪುರ

ಉತ್ತರ: ಆರು ಗಂಟೆಗೇ ನಡೆಯಬೇಕೆಂಬ ನಿಯಮವೇನೂ ಇಲ್ಲ. ಮಂಜು ಕರಗಿ ಬಿಸಿಲು ಬಂದ ಮೇಲೆ, ಒಂಬತ್ತರ ನಂತರ, ಕಣದಲ್ಲೋ ಅಂಗಳದಲ್ಲೋ ಸುತ್ತು ಹಾಕಿ. ಆಸ್ತಮಾ ಇದ್ದವರಿಗಂತೂ ಚಳಿಗಾಳಿಗಿಂತ ಆ ಹೊತ್ತೇ ವಾಸಿ.

ಪ್ರಶ್ನೆ: ನಾನು ತೋಟದ ಲೈನ್ ಮನೆಯಲ್ಲಿರುವವಳು. ಗರ್ಭಕೋಶ ತೆಗೆಯುವ ಆಪರೇಷನ್ ಇದೆ, ರಕ್ತ 8 ಇದೆ ಅಂದರು. ನಡೆದರೆ ಸುಸ್ತು. ನಡೆಯಲೇಬೇಕೇ? — ಪಾಲಿಬೆಟ್ಟ

ಉತ್ತರ: ಮೊದಲು ರಕ್ತ, ಆಮೇಲೆ ನಡಿಗೆ. ಹಿಮೋಗ್ಲೋಬಿನ್ 8 ಇರುವಾಗ ಆಮ್ಲಜನಕ ಹೊರುವ ರಕ್ತವೇ ಕಡಿಮೆ, ನಿಮ್ಮ ಸುಸ್ತು ಸೋಮಾರಿತನವಲ್ಲ. ಕಬ್ಬಿಣದ ಮಾತ್ರೆಯಿಂದ ರಕ್ತ ಏರಲು ಆರೆಂಟು ವಾರ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಡ್ರಿಪ್ ಮೂಲಕ ಕೊಡುವ ಕಬ್ಬಿಣದ ಬಗ್ಗೆ ವೈದ್ಯರನ್ನು ಕೇಳಿ. ಮಾತ್ರೆ ನುಂಗಿದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇರಲಿ, ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಒಳ್ಳೆಯದು. ಮಲ ಕಪ್ಪಾಗುವುದು ಸಹಜ. ಅಲ್ಲಿಯವರೆಗೆ ಸಮತಟ್ಟಿನಲ್ಲಿ ಐದೈದು ನಿಮಿಷ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಉಸಿರಾಟದ ವ್ಯಾಯಾಮ ಸಾಕು.

ಪ್ರಶ್ನೆ: ಇಷ್ಟೆಲ್ಲ ತಯಾರಿ ಮಾಡಿ ಆಪರೇಷನ್ ದಿನ ಹನ್ನೆರಡು ಗಂಟೆ ಉಪವಾಸ ಇದ್ದರೆ ಶಕ್ತಿ ಹೋಗುವುದಿಲ್ಲವೇ? ಬೆಳಗ್ಗೆ ಬೆಲ್ಲದ ಕಾಪಿಯಾದರೂ ಕುಡಿಯಬಹುದೇ? — ಮಡಿಕೇರಿ

ಉತ್ತರ: ಈಗಿನ ನಿಯಮದಂತೆ ಲಘು ಆಹಾರಕ್ಕೆ ಆರು ಗಂಟೆ, ನೀರಿನಂಥ ತಿಳಿ ಪಾನೀಯಕ್ಕೆ ಎರಡು ಗಂಟೆ ಅಂತರ ಸಾಕು. ಹಾಲಿಲ್ಲದ ಕಾಫಿಯೂ ತಿಳಿ ಪಾನೀಯವೇ. ಆದ್ದರಿಂದ ಗಸಿಯಿಲ್ಲದಂತೆ ಚೆನ್ನಾಗಿ ಸೋಸಿದ ಬೆಲ್ಲದ ಕಾಪಿಗೆ ಹೆಚ್ಚಿನವರಿಗೆ ಅಡ್ಡಿಯಿಲ್ಲ. ಒಂದು ಚಮಚ ಹಾಲು ಬಿದ್ದರೂ ಅದು ಆಹಾರದ ಲೆಕ್ಕಕ್ಕೆ ಸೇರಿ ಆರು ಗಂಟೆ ಕಾಯಬೇಕಾಗಬಹುದು, ಆಪರೇಷನ್ ಮುಂದೆ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ, ಕರುಳು ಕಟ್ಟಿರುವವರಿಗೆ ಲೆಕ್ಕ ಬೇರೆ. ಹಿಂದಿನ ಸಂಜೆ ಅರಿವಳಿಕೆ ವೈದ್ಯರು ನೋಡಲು ಬಂದಾಗ ‘ಎಷ್ಟು ಗಂಟೆಯವರೆಗೆ, ಎಷ್ಟು ಲೋಟ’ ಎಂದು ಕೇಳಿ ಬರೆಸಿಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ ಅದೇ ದಿನ ನಸುಕಿನಲ್ಲಿ ಹೊರಡುವವರಾದರೆ ಫ್ಲಾಸ್ಕ್ ಕಾರಿನಲ್ಲಿಡುವ ಮೊದಲೇ ಆ ಹೊತ್ತು ಗೊತ್ತಿರಬೇಕು.